ಎಚ್‌ಎಎಲ್ ಚರ್ಚೆಯಲ್ಲಿ ಯಾರಿಗೂ ನೆನಪಾಗದ ವಾಲಚಂದ್

ಎಚ್‌ಎಎಲ್ ಮಾತು ಬಂದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ಬಣ. ನೆಹರೂ ಕಟ್ಟಿದ್ದು ಅಂತ ಒಂದು, ಸರ್ಕಾರಕ್ಯಾಕೆ ವಿಮಾನದ ಉಸಾಬರಿ ಅಂತ ಇನ್ನೊಂದು. ವಾಲಚಂದ್ ಹಿರಾಚಂದ್ ಎರಡೂ ಬಣಕ್ಕೆ ಬೇಡ. ನಮ್ಮ ಗಲಗಲಿಗೆ ಬರೋ ಕೃಷ್ಣೆ ಮೊದಲು ಹಾಯುವುದು ಸಾಂಗ್ಲಿಯನ್ನು. ಅಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ನಾನೂ ಬಹಳ ದಿನ ಅವರನ್ನು ಬರೀ ಕಾಲೇಜಿನ ಹೆಸರು ಅಂತಲೇ ತಿಳಿದಿದ್ದೆ.

ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದ ಗುಜರಾತಿ ಜೈನ ಕುಟುಂಬದಲ್ಲಿ. ಮನೆತನದ ವ್ಯಾಪಾರ ಬಿಟ್ಟು ರೈಲ್ವೆ ಗುತ್ತಿಗೆ ಹಿಡಿದರು. 1919ರಲ್ಲಿ ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗನ್ನು ಮುಂಬೈನಿಂದ ಲಂಡನ್ನಿಗೆ ಕಳಿಸಿ, ಬ್ರಿಟಿಷ್ ಹಡಗು ಕಂಪನಿಗಳನ್ನು ಎದುರು ಹಾಕಿಕೊಂಡರು.

1939ರಲ್ಲಿ ಅಮೆರಿಕದಿಂದ ಮರಳುವಾಗ ಹತ್ತಿದ್ದು ಪ್ಯಾನ್ ಅಮೆರಿಕನ್ ಕ್ಲಿಪ್ಪರ್. ನಾಲ್ಕು ಪ್ರೊಪೆಲ್ಲರ್, ನೀರಿನ ಮೇಲೇ ಇಳಿಯುವ ವಿಮಾನ. ದ್ವೀಪದಿಂದ ದ್ವೀಪಕ್ಕೆ ಹಾರುತ್ತ ಪೆಸಿಫಿಕ್ ದಾಟಲು ದಿನಗಟ್ಟಲೆ ಬೇಕು, ಮಾತಿಗೆ ಬೇಕಾದಷ್ಟು ಪುರುಸೊತ್ತು. ಜತೆಗಿದ್ದವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ವಿಲಿಯಂ ಪಾಲಿ. ಭಾರತದಲ್ಲೂ ಅಂಥದ್ದೊಂದು ಆಗಲಿ ಅನ್ನೋ ಯೋಚನೆ ಅಲ್ಲೇ ಗಟ್ಟಿಯಾಯಿತು.

ಬ್ರಿಟಿಷ್ ಸರ್ಕಾರ ಮೀನಮೇಷ ಎಣಿಸಿತು. ಕೈಹಿಡಿದದ್ದು ಮೈಸೂರು ಸಂಸ್ಥಾನ: ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಬೆಂಗಳೂರಲ್ಲಿ 700 ಎಕರೆ ಜಾಗ, ಜತೆಗೆ ಬಂಡವಾಳದಲ್ಲಿ ಪಾಲು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಹಾರಿತು. ಬಿಡಿಭಾಗಕ್ಕೆಲ್ಲ ಅಮೆರಿಕದ ಕಡೆ ನೋಡುತ್ತಿದ್ದ ಕಾಲದಲ್ಲಿ ಈ ವೇಗ ನನ್ನೊಳಗಿನ ಇಂಜಿನಿಯರನಿಗೆ ಇವತ್ತಿಗೂ ನಂಬೋಕಾಗಲ್ಲ.

ಜಪಾನೀಯರು ಬರ್ಮಾಕ್ಕೆ ನುಗ್ಗಿದ್ದೇ ತಡ, ಸರ್ಕಾರಕ್ಕೆ ಇಡೀ ಕಾರ್ಖಾನೆಯೇ ಬೇಕಾಯಿತು. 1942ರ ಏಪ್ರಿಲ್‌ನಲ್ಲಿ ವಾಲಚಂದರ ಪಾಲನ್ನು ಕೊಂಡು ಹೊರಗಿಟ್ಟಿತು. ಅಂದರೆ ಎಚ್‌ಎಎಲ್ ರಾಷ್ಟ್ರೀಕರಣ ಮಾಡಿದ್ದು ಸಮಾಜವಾದವಲ್ಲ, ಯುದ್ಧಕ್ಕಿಳಿದ ವಸಾಹತು ಸರ್ಕಾರ. ಹಾಗಂತ ಇದು ಬರೀ ಖಾಸಗಿ ಸಾಹಸವೂ ಅಲ್ಲ; ಮೈಸೂರಿನ ಜನರ ತೆರಿಗೆ ದುಡ್ಡಿಲ್ಲದೆ ಇಟ್ಟಿಗೆ ಏಳುತ್ತಿರಲಿಲ್ಲ. ಆಮೇಲೆ ಅಮೆರಿಕದ ವಾಯುಪಡೆ ಅಲ್ಲೇ ತನ್ನ ವಿಮಾನ ರಿಪೇರಿ ಮಾಡಿಸಿಕೊಂಡಿತು.

ಯುದ್ಧ ಮುಗಿದಾಗ ಸೈನ್ಯ ಬಿಟ್ಟುಹೋದ ಡಕೋಟಾಗಳು ರಾಶಿ ಬಿದ್ದಿದ್ದವು. 14 ಸಿಲಿಂಡರಿನ ಎರಡೆರಡು ಇಂಜಿನ್ನು, ಸಣ್ಣ ಮಣ್ಣಿನ ಪಟ್ಟಿಯಿದ್ದರೂ ಇಳಿಯುವ ಗಟ್ಟಿ ಜೀವ. ಬೆಂಗಳೂರಿನ ಕಾರ್ಮಿಕರು ಅವನ್ನು ಬಿಚ್ಚಿ, ಸರಿಪಡಿಸಿ, ಸೀಟು ಹಾಕಿ ಪ್ರಯಾಣಿಕ ವಿಮಾನ ಮಾಡಿಕೊಟ್ಟರು.

ಅಷ್ಟರಲ್ಲಿ ವಾಲಚಂದ್ ವಿಶಾಖಪಟ್ಟಣದ ಹಡಗುಕಟ್ಟೆ, ಪ್ರೀಮಿಯರ್ ಕಾರು ಅಂತ ಮುಂದೆ ಹೋಗಿದ್ದರು. 1949ರಲ್ಲಿ ಪಾರ್ಶ್ವವಾಯು ಹೊಡೆಯಿತು. 1953ರ ಏಪ್ರಿಲ್ 8ರಂದು ತೀರಿಕೊಂಡರು. ಅದೇ ಆಗಸ್ಟ್ 1ಕ್ಕೆ ಖಾಸಗಿ ವಿಮಾನ ಕಂಪನಿಗಳನ್ನೆಲ್ಲ ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಶುರುವಾಯಿತು. ಅದರ ಕೈಗೆ ಬಂದ ವಿಮಾನಗಳಲ್ಲಿ ಹೆಚ್ಚಿನವು ಡಕೋಟಾಗಳೇ.