ದವಸದಂಗಡಿಯಿಂದ ದಿವಾನಗಿರಿಗೆ

ಕೊಳ್ಳೇಗಾಲದಿಂದ ಹೊರಟು ಹನೂರು, ಕೌದಳ್ಳಿಗಳನ್ನು ದಾಟಿ ಮಾರ್ಟಳ್ಳಿಯ ಸೀಮೆಯನ್ನು ಹಾಯ್ದು ಕಾವೇರಿಯ ಕಡೆಗೆ ಇಳಿಯುವ ಕಾಡಿನ ದಾರಿಯಲ್ಲಿ ಇಂದು ಸರಕು ತುಂಬಿದ ಲಾರಿಗಳು ಹೋಗುತ್ತಿರುವುದನ್ನು ಕಾಣುವವರಿಗೆ, ಅದು ಬಹು ಹಳೆಯ ಸಾಗಣೆಯ ದಾರಿಯೆಂಬುದು ಒಡನೆಯೇ ಹೊಳೆಯಲಾರದು. ಮೋಟಾರು ಬರುವುದಕ್ಕೆ ಮೊದಲು ಮೈಸೂರು ಸೀಮೆಗೂ ಕೆಳನಾಡಿಗೂ ನಡುವೆ ಹೇರೆತ್ತುಗಳು ಈ ಕಾವೇರಿಪುರದ ಘಟ್ಟವನ್ನೇ ಹತ್ತಿ ಇಳಿಯುತ್ತಿದ್ದುವು. 1800ರಲ್ಲಿ ಫ್ರಾನ್ಸಿಸ್ ಬುಕಾನನನು ದೇಶವನ್ನು ನೋಡುತ್ತ ಇದೇ ದಾರಿಯಲ್ಲಿ ಇಳಿದುಹೋದನು. ಅದಕ್ಕೆ ಹಿಂದಿನ ವರುಷ, 1799ರ ಏಪ್ರಿಲಿನಲ್ಲಿ, ಶ್ರೀರಂಗಪಟ್ಟಣವನ್ನು ಮುತ್ತಿದ್ದ ಇಂಗ್ಲಿಷರ ದಂಡಿನಲ್ಲಿ ಅಕ್ಕಿ ತೀರುತ್ತ ಬಂದುದು ತಿಳಿದಾಗ, ಕರ್ನಲ್ ರೀಡ್ ಮತ್ತು ಕರ್ನಲ್ ಬ್ರೌನರು ಕೆಳಗೆ ಕೂಡಿಹಾಕಿದ್ದ ದವಸದ ಹೇರುಗಳು ಈ ಘಟ್ಟವನ್ನೇ ಹತ್ತಿಬಂದುವು. ಅವುಗಳನ್ನು ಎದುರುಗೊಂಡು ಕಾಪಾಡಿ ತರುವುದಕ್ಕೆಂದು ಜನರಲ್ ಫ್ಲಾಯ್ಡನು ಕುದುರೆಯ ದಳದೊಡನೆ ಮುತ್ತಿಗೆಯ ಬೀಡಿನಿಂದ ಹೊರಟುಬರಬೇಕಾಯಿತು. ಆ ದವಸವು ಮುಟ್ಟುವುದರೊಳಗೆ ಮೇ 4ರಂದು ಕೋಟೆಯು ಬಿದ್ದಿತ್ತು, ಟಿಪ್ಪುವು ಮಡಿದಿದ್ದನು.

ಟಿಪ್ಪುವಿನ ಕಡೆಯಲ್ಲಿ ಆಗ ಹೇರು, ಎತ್ತು, ದವಸ, ಹಣಗಳ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಪೂರ್ಣಯ್ಯನವರು. ಅವರ ಹೆಸರನ್ನು ಅರಿಯದ ವಾಚಕರು ಇರಲಾರರು. ಆದರೆ ಅವರನ್ನು ರಾಜಕಾರ್ಯಧುರಂಧರರೆಂದು ಹೊಗಳುವವರೂ, ಪರರ ಕೈಗೆ ನಾಡನ್ನು ಒಪ್ಪಿಸಿದವರೆಂದು ತೆಗಳುವವರೂ, ಇಬ್ಬರೂ ಅವರ ನಿಜವಾದ ಕಸುಬನ್ನು ಮರೆಯುತ್ತಾರೆಂದು ನಮಗೆ ತೋರುತ್ತದೆ. ಪೂರ್ಣಯ್ಯನವರು ಹುಟ್ಟಾ ಮಂತ್ರಿಗಳಲ್ಲ. ದವಸದ ವರ್ತಕರ ಗುಮಾಸ್ತರು. ಸರಕನ್ನು ಎಲ್ಲಿ ಕೊಳ್ಳಬೇಕು, ಯಾವ ದಾರಿಯಲ್ಲಿ ಕಳುಹಬೇಕು, ಯಾರನ್ನು ಕಾವಲಿಗಿಡಬೇಕು, ಎಷ್ಟು ಹೊರಟಿತು, ಎಷ್ಟು ಮುಟ್ಟಿತು ಎಂಬ ಲೆಕ್ಕವೇ ಅವರ ವಿದ್ಯೆ. ಆ ವಿದ್ಯೆಯಿಂದಲೇ ಅವರು ಮೂವರು ಒಡೆಯರ ಕಾಲದಲ್ಲಿ ನಿಂತರು.

ಅವರು 1746ರ ಸುಮಾರಿನಲ್ಲಿ ಕೆಳನಾಡಿನ ಬಡ ಮಾಧ್ವ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರು. ತಂದೆ ಕೃಷ್ಣಾಚಾರ್ಯರು ಬೇಗನೆ ತೀರಿಕೊಂಡರು. ಹೊಟ್ಟೆಯ ಪಾಡಿಗಾಗಿ ಹುಡುಗನು ಸತ್ಯಮಂಗಲದಲ್ಲಿ ರಂಗಶೆಟ್ಟಿಯೆಂಬ ವರ್ತಕನ ಅಂಗಡಿಯನ್ನು ಸೇರಿ ಲೆಕ್ಕ ಬರೆದನು. ಸತ್ಯಮಂಗಲವೆಂದರೆ ಹನೂರಿನ ಬೆಟ್ಟಗಳ ಆಚೆಯ ಮಗ್ಗುಲು. ಮೈಸೂರಿಗೆ ಏರುವ ಗಜ್ಜಲಹಟ್ಟಿಯ ಕಣಿವೆಯ ಬಾಯಿ. ಘಟ್ಟದ ಮೇಲಿನ ಸರಕು ಕೆಳಗೂ ಕೆಳಗಿನದು ಮೇಲಕ್ಕೂ ಹೋಗುವುದನ್ನು ಕಾಣುತ್ತ ಬೆಳೆದ ಹುಡುಗನಿಗೆ ಬೇರೆ ಪಾಠಶಾಲೆ ಬೇಕಿರಲಿಲ್ಲ. ಅಲ್ಲಿಂದ ಶ್ರೀರಂಗಪಟ್ಟಣದ ಅನ್ನದಾನ ಶೆಟ್ಟಿಯಲ್ಲಿ ಕೆಲಸ ದೊರೆಯಿತು. ಈ ಶೆಟ್ಟಿಯು ಹೈದರಾಲಿಯ ದಂಡಿಗೆ ದವಸ ಒದಗಿಸುತ್ತಿದ್ದ ದೊಡ್ಡ ಸಾಹುಕಾರ. ದಂಡಿಗೆ ಅನ್ನವನ್ನು ಮಾರಿ ಐಶ್ವರ್ಯವಂತನಾದವನಿಗೆ ಅನ್ನದಾನನೆಂಬ ಹೆಸರು ಬಿದ್ದುದು ವಿಧಿಯ ವಿನೋದವೆನ್ನಬೇಕು. ಶೆಟ್ಟಿಯ ಲೆಕ್ಕವನ್ನು ಅರಮನೆಗೆ ಒಪ್ಪಿಸಲು ಹೋಗಿ ಬರುತ್ತಿದ್ದ ತರುಣನ ಚುರುಕು ಹೈದರನ ಕಣ್ಣಿಗೆ ಬಿದ್ದಿತು. ಓದುಬರಹ ಬಾರದಿದ್ದರೂ ಮನುಷ್ಯರನ್ನು ಓದಬಲ್ಲ ಹೈದರನು ಅವರನ್ನು ತನ್ನ ಚಾಕರಿಗೆ ತೆಗೆದುಕೊಂಡನು.

ಅಂದಿನ ಯುದ್ಧವೆಂದರೆ ಮುಕ್ಕಾಲು ಪಾಲು ಸಾಗಣೆಯೇ. ಇದನ್ನು ಅರಿಯದೆ ಆ ಕಾಲದ ಚರಿತ್ರೆಯನ್ನು ಓದಿದರೆ ಬರಿಯ ಕತ್ತಿಯ ಝಣತ್ಕಾರವಷ್ಟೆ ಕೇಳಿಸುವುದು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಅರಕೆರೆಯ ಹತ್ತಿರ ಕಾಳಗದಲ್ಲಿ ಗೆದ್ದೂ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಕಾರಣವೇನು? ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತುವು, ಫಿರಂಗಿಗಳನ್ನು ಎಳೆಯುವವರಿರಲಿಲ್ಲ, ಟಿಪ್ಪುವಿನ ಸವಾರರು ದವಸದ ದಾರಿಯನ್ನು ಕಡಿದುಹಾಕಿದ್ದರು. ದಂಡಿಗೆ ಅನ್ನ ತರುತ್ತಿದ್ದವರು ಲಂಬಾಣಿಗಳು. ಒಂದೊಂದು ತಾಂಡಾದಲ್ಲಿ ಸಾವಿರಾರು ಎತ್ತುಗಳು. ಒಂದೊಂದರ ಬೆನ್ನಿನ ಮೇಲೆ ಇಕ್ಕೆಲಕ್ಕೂ ಜೋಲುವ ಗೋಣಿ. ದಾರಿಯ ಹುಲ್ಲೇ ಮೇವು. ಹೆಂಡಿರು ಮಕ್ಕಳು ನಾಯಿಗಳೊಡನೆ ನಡೆಯುವ ಊರೇ ಅದು. ಗಾಡಿ ಹೋಗದ ಘಟ್ಟದಲ್ಲಿ ಅವರು ಹೋಗುತ್ತಿದ್ದರು. ಇಷ್ಟು ಮಾಡಿದ ಜನರ ಹೆಸರು ಯಾವ ಜಯಸ್ತಂಭದ ಮೇಲೂ ಇಲ್ಲ.

ಮೈಸೂರಿಗೆ ಇನ್ನೊಂದು ಬಲವಿದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಣ್ಣೆಚಾವಡಿಯೆಂದು ನಡೆದುಬಂದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದ ಗೋಸಂಪತ್ತು ಅದು. ಆ ಎತ್ತುಗಳ ಓಟದಿಂದಲೇ ಹೈದರನ ಫಿರಂಗಿಗಳು ಎದುರಾಳಿ ಎಣಿಸಿದುದಕ್ಕಿಂತ ಮೊದಲೇ ಬಂದು ನಿಲ್ಲುತ್ತಿದ್ದುವು. ತೋಷಖಾನೆಯನ್ನೂ ದಂಡಿನ ಸರಬರಾಜನ್ನೂ ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರಿಗೆ ಇವೆಲ್ಲದರ ಮರ್ಮವೂ ತಿಳಿದಿದ್ದಿತು.

ಅವರು ಕಳುಹಿಸಿದ ಹೇರುಗಳಲ್ಲಿ ಒಂದನ್ನು ಮಾತ್ರ ಚರಿತ್ರೆಯು ಮರೆಯಲಾರದು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಬೀಡಿನಲ್ಲಿ ಹೈದರನು ತೀರಿಕೊಂಡನು. ಮಗನಾದ ಟಿಪ್ಪುವು ದೂರದ ಮಲೆಯಾಳದಲ್ಲಿ ಯುದ್ಧಮಾಡುತ್ತಿದ್ದನು. ಸುದ್ದಿ ಹಬ್ಬಿದರೆ ದಂಡು ಚದುರುವುದು ಖಂಡಿತ. ಪೂರ್ಣಯ್ಯನವರೂ ಅವರ ಜೊತೆಗಾರ ಕೃಷ್ಣರಾಯರೂ ಸೇರಿ ಏನು ಮಾಡಿದರು? ಶವವನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಸುಗಂಧದ್ರವ್ಯಗಳನ್ನು ತುಂಬಿ, ಬೊಕ್ಕಸದ ಬೆಲೆಬಾಳುವ ಸರಕನ್ನು ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಬೀಡಿನಲ್ಲಿ ನಿತ್ಯದ ಕೆಲಸಗಳು ನಿತ್ಯದಂತೆಯೇ ನಡೆದುವು. ಗುಟ್ಟು ಪೂರ್ತಿಯಾಗಿ ನಿಲ್ಲಲಿಲ್ಲ, ಒಂದು ಒಳಸಂಚೂ ಎದ್ದು ಅಡಗಿತು. ಆದರೆ 1783ರ ಜನವರಿಯ ಮೊದಲಲ್ಲಿ ಟಿಪ್ಪುವು ಬಂದು ಸೇರುವವರೆಗೆ ದಂಡು ಕದಲಲಿಲ್ಲ. ಒಂದು ಪೆಟ್ಟಿಗೆಯು ಸದ್ದಿಲ್ಲದೆ ಊರು ಮುಟ್ಟಿದುದರಿಂದ ಒಂದು ರಾಜ್ಯವು ಹದಿನಾರು ವರುಷ ಉಳಿಯಿತೆಂದರೆ ಹೆಚ್ಚು ಹೇಳಿದಂತಾಗಲಾರದು.

ಇಂತಹವರು 1799ರಲ್ಲಿ ಕೋಟೆ ಬಿದ್ದ ಕೆಲವೇ ವಾರಗಳಲ್ಲಿ ಗೆದ್ದವರ ಒಪ್ಪಿಗೆಯಿಂದ ಹೊಸ ಮೈಸೂರಿನ ದಿವಾನರಾದರು. ಜೂನ್ 30ರಂದು ಐದು ವರುಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆಡಳಿತದ ಭಾರವೆಲ್ಲ ಪೂರ್ಣಯ್ಯನವರ ಮೇಲೆ ಬಿದ್ದಿತು. ಇಲ್ಲಿಯೇ ದೇಶಾಭಿಮಾನಿಗಳು ಅವರ ಮೇಲೆ ಬೆರಳು ತೋರುವುದು. ನಾವು ಈ ವಿಷಯದಲ್ಲಿ ದಾಕ್ಷಿಣ್ಯಪಡುವುದಿಲ್ಲ. ಟಿಪ್ಪುವಿಗೆ ಅವರು ಬದುಕಿರುವಾಗಲೇ ಎರಡು ಬಗೆದರೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವು ನಮಗೆ ಕಾಣುವುದಿಲ್ಲ. ಆದರೆ ನಿನ್ನೆಯ ಒಡೆಯನ ಲೆಕ್ಕವನ್ನು ಮುಚ್ಚಿ ಇಂದಿನ ಒಡೆಯನ ಲೆಕ್ಕವನ್ನು ತೆರೆಯುವುದರಲ್ಲಿ ಅವರ ಕೈ ನಡುಗಿದಂತೆ ತೋರುವುದಿಲ್ಲ. ಅಂಗಡಿಯ ಗುಮಾಸ್ತನಿಗೆ ಇದು ಸಹಜವಿರಬಹುದು. ನಾಡಿನ ಮಂತ್ರಿಗೆ ಸಹಜವೆಂದು ಹೇಳಲು ನಮಗೆ ಮನಸ್ಸು ಬಾರದು.

ದಿವಾನರಾಗಿ ಅವರು ಮೊದಲು ಕೈಹಾಕಿದ ಕೆಲಸಗಳಲ್ಲಿ ದಾರಿಯ ಭದ್ರತೆ ಒಂದು. ಯುದ್ಧ ಮುಗಿದರೂ ದಂಡಿನಿಂದ ಬಿಡುಗಡೆಯಾದ ಜನ, ಪಾಳೆಯಗಾರರ ಹಳೆಯ ಬಂಟರು, ಧೋಂಡಿಯಾ ವಾಘನ ಕಡೆಯವರು ನಾಡಿನಲ್ಲಿ ತುಂಬಿದ್ದರು. ಪೂರ್ಣಯ್ಯನವರು ಇಂತಹ ಬಂಟರನ್ನೇ ಕಂದಾಚಾರದ ಪಟ್ಟಿಗೆ ಸೇರಿಸಿ, ಸ್ವಲ್ಪ ಭೂಮಿ, ಸ್ವಲ್ಪ ಸಂಬಳ ಕೊಟ್ಟು, ಊರನ್ನೂ ದಾರಿಯನ್ನೂ ಕಾಯುವುದಕ್ಕೆ ನಿಲ್ಲಿಸಿದರು. ಕಳ್ಳನಾಗಬಹುದಾದವನನ್ನು ಕಾವಲುಗಾರನಾಗಿ ಮಾಡುವ ಈ ಉಪಾಯವು ಬಂದೀಖಾನೆಗಿಂತ ಅಗ್ಗವಾದುದು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ಹೆದ್ದಾರಿಯು ಕಲ್ಲುಬೆಟ್ಟಗಳ ದಟ್ಟ ಕಾಡಿನಲ್ಲಿ ಹಾಯುತ್ತಿದ್ದ ಕಡೆ, ದಾರಿಗರ ಕ್ಷೇಮಕ್ಕಾಗಿ 1800ರಲ್ಲಿ ಹೊಸ ಪೇಟೆಯೊಂದನ್ನೇ ಕಟ್ಟಿಸಿ ಜನರನ್ನು ನೆಲೆಗೊಳಿಸಿದರು. ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಅದು ಕ್ಲೋಸ್‌ಪೇಟೆಯಾಯಿತು; ಅದೇ ಮುಂದೆ ರಾಮನಗರವಾದುದು. ಒಂದು ಊರು ಸರಕಿನ ದಾರಿಯ ಕಾವಲಿಗಾಗಿಯೇ ಹುಟ್ಟಿತೆಂಬುದನ್ನು ಆ ದಾರಿಯಲ್ಲಿ ನಿತ್ಯ ಓಡಾಡುವವರು ನೆನೆಯುವುದು ಅಪರೂಪ.

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ 1804ರಲ್ಲಿ ಮುಗಿದ ಕಲ್ಲಿನ ಸೇತುವೆಯೂ ಅವರದೇ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹೇರೆಲ್ಲ ದಡದಲ್ಲಿ ನಿಲ್ಲಬೇಕಾಗಿದ್ದ ಕಾಲ ಅದು. ಕಮಾನುಗಳಿಲ್ಲದೆ, ಕಲ್ಲುಕಂಬಗಳನ್ನು ನೆಟ್ಟು ಮೇಲೆ ಚಪ್ಪಡಿಗಳನ್ನು ಹಾಸಿ, ನಮ್ಮವರೇ ತಮಗೆ ತಿಳಿದ ರೀತಿಯಲ್ಲಿ ಕಟ್ಟಿದ ಒರಟು ಕೆಲಸ. ಆದರೂ ಪ್ರವಾಹದ ಮೇಲೆ ಪ್ರವಾಹವನ್ನು ತಡೆದು ನಿಂತಿತು. ಕಟ್ಟಿದವರು ಕನ್ನಡನಾಡಿನವರು, ಹಣ ಮೈಸೂರಿನದು, ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು!

ಆ ವೆಲ್ಲೆಸ್ಲಿಯ ತಮ್ಮನಾದ ಆರ್ಥರನು 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಪೂರ್ಣಯ್ಯನವರ ಸಾಗಣೆಯ ವಿದ್ಯೆಯು ಅದರ ತುದಿಯನ್ನು ಮುಟ್ಟಿತು. ದಂಡು ಹರಿಹರದಿಂದ ತುಂಗಭದ್ರೆಯನ್ನು ದಾಟಿತು. ಹಿಂದಿನಿಂದ ಎತ್ತುಗಳು, ದವಸ, ಬಿಷ್ಟೋಪಂತನ ಕೈಕೆಳಗೆ ಮೈಸೂರಿನ ಸಿಲ್ಲೇದಾರ ಸವಾರರು ಹೋದರು. ಆ ವರುಷ ದಖ್ಖಣದಲ್ಲಿ ಕ್ಷಾಮ. ಹಾದಿಯಲ್ಲಿ ಕೊಳ್ಳುವುದಕ್ಕೆ ಕಾಳಿಲ್ಲ. ಅಸ್ಸಾಯೆ, ಅರಗಾಂವ್, ಗಾವಿಲಗಡಗಳ ಗೆಲುವನ್ನು ಇಂಗ್ಲಿಷರ ಪುಸ್ತಕಗಳು ಸೇನಾಪತಿಯ ಶೌರ್ಯಕ್ಕೆ ಜಮಾ ಕಟ್ಟುತ್ತವೆ. ಮೈಸೂರಿನ ಎತ್ತುಗಳ ಬೆನ್ನಿಗೆ ಎಷ್ಟು ಜಮಾ ಕಟ್ಟಬೇಕೆಂಬುದನ್ನು ಸೇನಾಪತಿಯೇ ಬಲ್ಲನು. ಪೂರ್ಣಯ್ಯನವರ ನೆರವನ್ನು ಆತನು ಮುಕ್ತಕಂಠದಿಂದ ಮೆಚ್ಚಿಕೊಂಡುದು ಸುಮ್ಮನೆ ಅಲ್ಲ. ನಮಗಾದರೋ ಈ ಮೆಚ್ಚುಗೆಯನ್ನು ಓದುವಾಗ ಅಭಿಮಾನವೂ ನಾಚಿಕೆಯೂ ಒಟ್ಟಿಗೆ ಬರುತ್ತವೆ. ಮೈಸೂರಿನ ರೈತನು ಸಾಕಿದ ಎತ್ತು ಮರಾಠಾ ರಾಜ್ಯವನ್ನು ಕಂಪೆನಿಗೆ ಹೊತ್ತುಕೊಟ್ಟಿತಲ್ಲವೆ?

ಇನ್ನು ಅವರ ಧರ್ಮಕಾರ್ಯಗಳ ಮಾತು. ಯುದ್ಧದ ಕಾಲದಲ್ಲಿ ನಿಂತುಹೋಗಿದ್ದ ದೇವಾಲಯಗಳ, ಮಠಗಳ ವರ್ಷಾಶನಗಳು ಅವರ ಕಾಲದಲ್ಲಿ ಮತ್ತೆ ನಡೆದುವು. ಮುಸಲ್ಮಾನರ ಧರ್ಮಸಂಸ್ಥೆಗಳಿಗೂ ಪಾಲಿದ್ದಿತು. ಒಡೆದ ಕೆರೆಗಳಿಗೂ ಹೂಳಿದ ಕಾಲುವೆಗಳಿಗೂ ಬೊಕ್ಕಸದಿಂದ ಧಾರಾಳವಾಗಿ ಹಣ ಹೋಯಿತು. ಮೈಸೂರಿಗೆ ಕಾವೇರಿಯ ನೀರನ್ನು ತರಬೇಕೆಂದು ತೋಡಿಸಿದ ನಾಲೆಯು ಮಾತ್ರ ಫಲಿಸದೆ, ಪೂರ್ಣಯ್ಯನ ನಾಲೆಯೆಂಬ ಹೆಸರನ್ನಷ್ಟೆ ಉಳಿಸಿತು. ಇವೆಲ್ಲ ಧರ್ಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಹಣದಿಂದ ಎಂಬ ಪ್ರಶ್ನೆಯನ್ನು ಕೇಳದೆ ಬಿಡಲಾಗದು. ಕಂಪೆನಿಗೆ ಪ್ರತಿವರುಷ ಏಳು ಲಕ್ಷ ವರಹಗಳ ಪೊಗದಿಯನ್ನು ತಪ್ಪದೆ ತೆತ್ತು, ಅದರ ಮೇಲೆ ಹನ್ನೆರಡು ವರುಷಗಳಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮೀರಿ ಕೂಡಿಹಾಕಿದುದು ಕೆಲವರಿಗೆ ಅದ್ಭುತವಾಗಿ ಕಂಡಿದೆ. ಅಷ್ಟು ಹಣವು ಆಕಾಶದಿಂದ ಬೀಳಲಿಲ್ಲ. ರೈತನ ಕಣದಿಂದಲೇ ಬಂದಿತು. ಅನ್ನದಾನ ಶೆಟ್ಟಿಯ ಅಂಗಡಿಯಲ್ಲಿ ಕಲಿತ ಬಿಗಿಯು ದಿವಾನಗಿರಿಯಲ್ಲಿಯೂ ಸಡಿಲಲಿಲ್ಲ. ಕೆರೆಗೆ ಹಾಕಿದ ಹಣವು ರೈತನಿಗೆ ಮರಳಿತು. ಪೆಟ್ಟಿಗೆಯಲ್ಲಿ ಬಿದ್ದಿದ್ದುದು ಮರಳಲಿಲ್ಲವೆಂದು ಮಾತ್ರ ಹೇಳುತ್ತೇವೆ.

ಅವರ ಸೇವೆಗಾಗಿ 1807ರ ಡಿಸೆಂಬರಿನಲ್ಲಿ ಯಳಂದೂರು ಜಹಗೀರಿಯಾಗಿ ದೊರೆಯಿತು. ವಿಚಿತ್ರವಾದ ಜಹಗೀರಿ ಅದು. 1799ರ ಹಂಚಿಕೆಯಲ್ಲಿ ಕೊಳ್ಳೇಗಾಲ ಸೀಮೆಯೂ, ಅದರೊಡನೆ ಹನೂರು, ಮಾರ್ಟಳ್ಳಿಗಳ ಕಾಡೂ ಕಂಪೆನಿಯ ಕೊಯಮತ್ತೂರು ಜಿಲ್ಲೆಗೆ ಸೇರಿಹೋಗಿದ್ದುವು. ಯಳಂದೂರು ಮೈಸೂರಿನ ತುಣುಕಾಗಿ ಮೂರು ಕಡೆಯೂ ಪರರ ಸೀಮೆಯಿಂದ ಸುತ್ತುವರಿಯಲ್ಪಟ್ಟು ನಿಂತಿತು. ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ಎತ್ತು ಒಂದೇ ದಿನದಲ್ಲಿ ಎರಡು ಸರಕಾರಗಳ ನೆಲವನ್ನು ತುಳಿಯುತ್ತಿದ್ದಿತು. ಈ ಗೆರೆಯು ಅಳಿಸಿಹೋದುದು 1956ರಲ್ಲಿ, ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಾಗ. ಪೂರ್ಣಯ್ಯನವರು ಬಾಲ್ಯದಲ್ಲಿ ನಡೆದಾಡಿದ ಘಟ್ಟದ ತಪ್ಪಲಿಗೂ ವೃದ್ಧಾಪ್ಯದಲ್ಲಿ ಪಡೆದ ಜಹಗೀರಿಗೂ ನಡುವೆ ಇರುವುದು ಒಂದೇ ಬೆಟ್ಟಸಾಲು.

ಮಹಾರಾಜರು ಪ್ರಾಯಕ್ಕೆ ಬಂದು ಅಧಿಕಾರವನ್ನು ಕೇಳಿದಾಗ ಮುದುಕರಾದ ದಿವಾನರಿಗೆ ಅದನ್ನು ಬಿಟ್ಟುಕೊಡುವುದು ಕಷ್ಟವಾಯಿತು. ಕಡೆಗೆ ಮನಸ್ತಾಪದಿಂದಲೇ ಬಿಟ್ಟರು. ಶ್ರೀರಂಗಪಟ್ಟಣಕ್ಕೆ ಹೋಗಿ ನೆಲೆಸಿ, 1812ರ ಮಾರ್ಚಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ವಂಶದವರೇ ಆದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರ ವರೆಗೆ ಮೈಸೂರಿನ ದಿವಾನರಾಗಿದ್ದುದನ್ನು ಹಿರಿಯರಿಂದ ಕೇಳಿ ಬಲ್ಲವರು ಈಗಲೂ ಇರಬಹುದು.

ಒಂದು ವಿಷಯವನ್ನು ಅವರ ಅಭಿಮಾನಿಗಳು ಹೇಳುವುದಿಲ್ಲ. ಕೋಟೆ ಬಿದ್ದ ಮೇಲೆ ಅಮೃತಮಹಲಿನ ದನಗಳನ್ನು ಮೈಸೂರು ಸರಕಾರದ ವಶಕ್ಕೆ ಕೊಟ್ಟು, ದಂಡಿಗೆ ಇಷ್ಟು ಎತ್ತುಗಳನ್ನು ಒದಗಿಸಬೇಕೆಂದು ಕಟ್ಟು ಮಾಡಿದ್ದರು. ಎತ್ತುಗಳು ಹೋಗುತ್ತ ಬಂದುವು. ತಳಿಯನ್ನು ಕಾಯುವುದರಲ್ಲಿ ಮಾತ್ರ ನಮ್ಮ ಅಧಿಕಾರಿಗಳು ಮನಸ್ಸಿಡಲಿಲ್ಲ. ಹಿಂಡು ಕ್ಷೀಣಿಸಿತು. ಪೂರ್ಣಯ್ಯನವರು ತೀರಿದ ಮರುವರುಷ, 1813ರಲ್ಲಿ, ಕಂಪೆನಿಯವರು ಅದನ್ನು ತಮ್ಮ ಕೈಗೇ ತೆಗೆದುಕೊಂಡು ತಮ್ಮ ಅಧಿಕಾರಿಯೊಬ್ಬನನ್ನು ಮೇಲ್ವಿಚಾರಣೆಗಿಟ್ಟರು. ಹೈದರನ ಫಿರಂಗಿಗಳನ್ನೆಳೆದ ಎತ್ತುಗಳ ಸಂತಾನವು ಅಂದಿನಿಂದ ಹೈದರನ ಹಗೆಗಳ ಫಿರಂಗಿಗಳನ್ನು ಅವರದೇ ಲೆಕ್ಕದಲ್ಲಿ ಎಳೆಯಿತು.