ನಿನ್ನ ಮುಖ ಯಾವ ಕಡೆ?

ಲೂಕ 15ನೇ ಅಧ್ಯಾಯ ತೆಗೀರಿ. ತಪ್ಪಿಹೋದ ಮಗನ ಸಾಮ್ಯ ಸಂಡೇ ಸ್ಕೂಲಿನಿಂದಲೇ ನಿಮಗೆ ಗೊತ್ತು. ಅದನ್ನು ಮತ್ತೆ ಮತ್ತೆ ಚಿತ್ರಿಸಿದ ಒಬ್ಬ ಮನುಷ್ಯನ ಜೀವನ ಇವತ್ತು ನೋಡೋಣ.

ಅವನ ಹೆಸರು ರೆಂಬ್ರಾಂಟ್. 1606ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಹುಟ್ಟಿದ. ಅಪ್ಪ ಗಿರಣಿ ನಡೆಸುತ್ತಿದ್ದ. ಮಗ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ದೊಡ್ಡ ಹೆಸರು ಮಾಡಿದ. 1634ರಲ್ಲಿ ಸಾಸ್ಕಿಯಾಳನ್ನು ಮದುವೆಯಾದ. ಆಮೇಲೆ ಒಂದು ಚಿತ್ರ ಬರೆದ: ತಪ್ಪಿಹೋದ ಮಗ ಕುಡಿಯುತ್ತಾ ಮಜಾ ಮಾಡ್ತಿದ್ದಾನೆ. ಆ ಮಗನ ಮುಖ ರೆಂಬ್ರಾಂಟ್‌ದೇ! ತೊಡೆಯ ಮೇಲೆ ಸಾಸ್ಕಿಯಾ. ಗ್ಲಾಸು ಎತ್ತಿ ನಮ್ಮ ಕಡೆ ತಿರುಗಿ ನಗ್ತಾನೆ.

1639ರಲ್ಲಿ 13,000 ಗಿಲ್ಡರ್ ಬೆಲೆಯ ಮನೆ ಕೊಂಡ, ಬಹುಪಾಲು ಸಾಲದ ಮೇಲೆ. ಇಎಂಐ ಕಟ್ಟೋರಿಗೆ ಇದು ಅರ್ಥ ಆಗುತ್ತೆ. ಮೂರು ಕೂಸುಗಳು ಎಳವೆಯಲ್ಲೇ ತೀರಿಹೋದವು. 1642ರಲ್ಲಿ ಸಾಸ್ಕಿಯಾ ತೀರಿಕೊಂಡಳು. ಮಗ ಟೈಟಸ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಆ ಮಗುವನ್ನು ಸಾಕಿದ ಹೆಂಗಸಿನ ಜೊತೆ ಬಾಳಿದ, ಆಮೇಲೆ ಕೈಬಿಟ್ಟ. ಅವಳು ಕೋರ್ಟಿಗೆ ಹೋದಳು. ಕೊನೆಗೆ ಅವಳು ಸೆರೆಯಲ್ಲಿ ವರ್ಷಗಟ್ಟಲೆ ಕೊಳೆಯುವುದರಲ್ಲಿ ಇವನ ಕೈಯೂ ಇತ್ತು. ಇದನ್ನು ಮುಚ್ಚಿಡಬಾರದು ಪ್ರಿಯರೇ. 1656ರಲ್ಲಿ ದಿವಾಳಿಯಾದ. ಮನೆ, ಸಾಮಾನು ಎಲ್ಲಾ ಹರಾಜಾಯಿತು. 1668ರಲ್ಲಿ ಟೈಟಸ್ ಕೂಡ ಹೋದ, ಬರೀ 26 ವರ್ಷ.

ಆ ಕೊನೆಯ ವರ್ಷಗಳಲ್ಲಿ ಮತ್ತೆ ಅದೇ ಸಾಮ್ಯವನ್ನು ಎಂಟು ಅಡಿಗಿಂತ ಎತ್ತರದ ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದ. ಅದೀಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಮನೆಗೆ ಹೋಗಿ ಫೋನಿನಲ್ಲಿ ನೋಡ್ರಿ. ಬೋಳುತಲೆ, ಸವೆದ ಚಪ್ಪಲಿ, ಒಂದು ಬರಿಗಾಲು. ಮೊಣಕಾಲೂರಿದ ಮಗನ ಬೆನ್ನಿನ ಮೇಲೆ ಅಪ್ಪನ ಎರಡೂ ಕೈ. ಪಕ್ಕದಲ್ಲಿ ಒಬ್ಬ ಸುಮ್ಮನೆ ನಿಂತು ನೋಡ್ತಾನೆ. ಅವನೇ ಹಿರಿಮಗ ಅಂತ ಬಹಳ ಮಂದಿ ಹೇಳ್ತಾರೆ.

ಒಂದು ಗಮನಿಸಿದ್ರಾ? ಮೊದಲ ಚಿತ್ರದಲ್ಲಿ ಮಗನ ಮುಖ ಲೋಕದ ಕಡೆ. ಇಲ್ಲಿ ಅಪ್ಪನ ಎದೆಯ ಕಡೆ. ಮಾನಸಾಂತರ ಅಂದ್ರೆ ಇದೇ, ತಿರುಗಿಕೊಳ್ಳುವುದು.

1669ರ ಅಕ್ಟೋಬರ್ 4ರಂದು ರೆಂಬ್ರಾಂಟ್ ತೀರಿಕೊಂಡ. ಬಾಡಿಗೆಯ ಸಮಾಧಿ, ಹೆಸರಿನ ಕಲ್ಲೂ ಇಲ್ಲ. ಅವನ ಹೃದಯವನ್ನು ದೇವರೊಬ್ಬನೇ ಬಲ್ಲ. ನಿನ್ನ ಹೃದಯ?

ಈ ಮಚ್ಛೆಯಲ್ಲಿ ವಿಟಿಯುನಲ್ಲಿ ಓದೋರಿದ್ದೀರಿ, ಫ್ಯಾಕ್ಟರಿಯ ನೈಟ್ ಶಿಫ್ಟ್ ಮುಗಿಸಿ ಬಂದೋರಿದ್ದೀರಿ. ಊರಿನ ಅಪ್ಪನಿಗೆ ಫೋನ್ ಮಾಡಿ ಎಷ್ಟು ದಿನ ಆಯ್ತು? ಪರಲೋಕದ ತಂದೆಯ ಹತ್ತಿರ ಮನಬಿಚ್ಚಿ ಮಾತಾಡಿ ಎಷ್ಟು ದಿನ ಆಯ್ತು? ಇಲ್ಲೇ ಕೂತು ಹಿರಿಮಗನ ಹಾಗೆ ದೂರ ಉಳಿಯಬೇಡಿ. ಎಲ್ಲಾ ಕಳೆದುಕೊಳ್ಳೋ ತನಕ ಕಾಯಬೇಡಿ. ಕಣ್ಣು ಮುಚ್ಚಿ, ಈಗಲೇ ತಿರುಗಿಕೊಳ್ಳೋಣ. ಆಮೆನ್.