ಹೆಸರು ಗ್ರೀನ್, ಕಟ್ಟಿದ್ದು ಕೆಂಪು

ಲಂಡನ್ ಟ್ಯೂಬ್ ರೈಲಿನ ಫೋಟೋಗಳನ್ನು ನೋಡಿದವರಿಗೆ ಒಂದು ಬಗೆಯ ಸ್ಟೇಷನ್ ಖಂಡಿತ ನೆನಪಿರುತ್ತೆ. ಕಡುಗೆಂಪು ಗೋಡೆ, ಮೇಲಂತಸ್ತಿನಲ್ಲಿ ಅರ್ಧಚಂದ್ರದ ಆಕಾರದ ದೊಡ್ಡ ಕಿಟಕಿಗಳು. ಇವನ್ನು ಡಿಸೈನ್ ಮಾಡಿದವರು ಲೆಸ್ಲಿ ಗ್ರೀನ್. ಬದುಕಿದ್ದು 33 ವರ್ಷ ಅಷ್ಟೇ. ಅವರ ಕೆಲವು ಸ್ಟೇಷನ್‌ಗಳಲ್ಲಿ ಇವತ್ತೂ ಜನ ಕಿಕ್ಕಿರಿದಿರುತ್ತಾರೆ, ಇನ್ನು ಕೆಲವು ಎಷ್ಟೋ ವರ್ಷಗಳಿಂದ ಬಾಗಿಲು ಹಾಕಿಕೊಂಡು ನಿಂತಿವೆ. ಈ ಸಲ ಅವರ ಕಥೆ ಹೇಳೋಣ ಅಂದುಕೊಂಡಿದ್ದೇವೆ.

ಗ್ರೀನ್ ಹುಟ್ಟಿದ್ದು 1875ರಲ್ಲಿ, ಲಂಡನ್‌ನಲ್ಲಿ. ಅಪ್ಪ ಕೂಡ ವಾಸ್ತುಶಿಲ್ಪಿ. ಮಗ ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಓದಿ, 1897ರಲ್ಲಿ ಸ್ವಂತ ಕೆಲಸ ಶುರು ಮಾಡಿದರು. ಆಗಿನ್ನೂ ವಯಸ್ಸು 22. ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು!

ಅದೇ ಹೊತ್ತಿಗೆ ಚಾರ್ಲ್ಸ್ ಯರ್ಕ್ಸ್ ಅನ್ನೋ ಅಮೆರಿಕನ್ ಉದ್ಯಮಿ ಲಂಡನ್‌ಗೆ ಬಂದಿದ್ದರು. ನೆಲದಡಿ ಆಳದಲ್ಲಿ ಓಡುವ ಮೂರು ವಿದ್ಯುತ್ ರೈಲು ಮಾರ್ಗಗಳನ್ನು ಒಟ್ಟಿಗೆ ಕಟ್ಟಿಸುವುದು ಅವರ ಕಂಪನಿಯ ಯೋಜನೆ. 1903ರಲ್ಲಿ ಆ ಸ್ಟೇಷನ್‌ಗಳ ಕೆಲಸ ಗ್ರೀನ್ ಕೈಗೆ ಬಂತು. ಸುಮಾರು 50 ಸ್ಟೇಷನ್, ಇರೋದು ನಾಲ್ಕೇ ವರ್ಷ. ಒಂದೊಂದನ್ನೂ ಮೊದಲಿನಿಂದ ಬಿಡಿಸುತ್ತಾ ಕೂತರೆ ಮುಗಿಯೋ ಕೆಲಸವಲ್ಲ.

ಗ್ರೀನ್ ಮಾಡಿದ್ದು ಅಪ್ಪಟ ಎಂಜಿನಿಯರಿಂಗ್ ಬುದ್ಧಿಯ ಕೆಲಸ. ಒಂದು ಮೂಲ ಮಾದರಿ ಹಾಕಿಕೊಂಡರು. ಸೈಟ್ ಉದ್ದ ಇದ್ದರೆ ಕಮಾನುಗಳ ಸಂಖ್ಯೆ ಹೆಚ್ಚಿಸೋದು, ಚಿಕ್ಕದಾದರೆ ಕಡಿಮೆ ಮಾಡೋದು. ಒಳಗೆ ಸ್ಟೀಲ್ ಫ್ರೇಮ್. ಆಗ ಲಂಡನ್‌ನಲ್ಲಿ ಅದು ಇನ್ನೂ ಹೊಸದು. ಹೊರಗೆ ಮೆರುಗು ಕೊಟ್ಟು ಸುಟ್ಟ ಕೆಂಪು ಟೆರಾಕೋಟಾ ಬ್ಲಾಕ್‌ಗಳು. ಫ್ಯಾಕ್ಟರಿಯಿಂದ ತಂದು ಜೋಡಿಸಿದರೆ ಆಯ್ತು, ಕಲ್ಲು ಕೆತ್ತುತ್ತಾ ಕೂರಬೇಕಿಲ್ಲ. ಕಲ್ಲಿದ್ದಲಿನ ಮಸಿ ಹಿಡಿದರೂ ತೊಳೆಯಬಹುದು. ಮೊದಲ ಅಂತಸ್ತಿನಲ್ಲಿ ಲಿಫ್ಟ್‌ನ ಯಂತ್ರಗಳು. ಅದರ ಮೇಲೆ ಸಪಾಟು ಚಾವಣಿ, ಯಾಕೆಂದರೆ ಮುಂದೆ ಯಾರಾದರೂ ಮೇಲೆ ಆಫೀಸ್ ಕಟ್ಟಬೇಕಂದ್ರೆ ಫ್ರೇಮ್ ಆ ಭಾರ ತಡೆಯುವಂತೆ ಮೊದಲೇ ಲೆಕ್ಕ ಹಾಕಿದ್ದರು.

ಕೆಳಗೆ ಪ್ಲಾಟ್‌ಫಾರ್ಮ್‌ನಲ್ಲಿ ಮಾತ್ರ ಒಂದರಂತೆ ಇನ್ನೊಂದಿಲ್ಲ. ಪ್ರತಿ ಸ್ಟೇಷನ್‌ಗೂ ಬೇರೆ ಬಣ್ಣ, ಬೇರೆ ವಿನ್ಯಾಸದ ಟೈಲ್ಸ್. ದಿನಾ ಓಡಾಡುವವರು ಕಿಟಕಿಯಿಂದ ಬಣ್ಣ ನೋಡಿಯೇ ತಮ್ಮ ಸ್ಟೇಷನ್ ಗುರುತಿಸಬಹುದಿತ್ತು. ಸ್ಟೇಷನ್ ಹೆಸರನ್ನೂ ಟೈಲ್ಸ್ ಒಳಗೇ ಸುಟ್ಟು ಕೂರಿಸಿದ್ದರು.

ಯರ್ಕ್ಸ್‌ಗೆ ಇದನ್ನೆಲ್ಲ ನೋಡುವ ಯೋಗವಿರಲಿಲ್ಲ, 1905ರ ಡಿಸೆಂಬರ್‌ನಲ್ಲೇ ತೀರಿಕೊಂಡರು. ಮೂರೂ ಮಾರ್ಗಗಳು 1906 ಮತ್ತು 1907ರಲ್ಲಿ ಶುರುವಾದವು. ಅಷ್ಟರಲ್ಲಿ ಗ್ರೀನ್‌ಗೆ ಕ್ಷಯ ಹಿಡಿದಿತ್ತು. ಆಗ ಅದಕ್ಕೆ ಔಷಧಿಯೇ ಇರಲಿಲ್ಲ. 1907ರ ಕೊನೆಗೆ ಕಂಪನಿಯ ಕೆಲಸ ಮುಗಿಯಿತು, 1908ರ ಆಗಸ್ಟ್‌ನಲ್ಲಿ ಬದುಕೂ ಮುಗಿಯಿತು. ಹಿಂದೆ ಉಳಿದವರು ಹೆಂಡತಿ ಮತ್ತು ಒಬ್ಬಳು ಪುಟ್ಟ ಮಗಳು.

ಅವರು ಹೋದ ಮೂರೇ ವರ್ಷಕ್ಕೆ, 1911ರಲ್ಲಿ, ಲಂಡನ್ ಟ್ಯೂಬ್‌ಗೆ ಎಸ್ಕಲೇಟರ್ ಬಂತು. ಗ್ರೀನ್ ಕಟ್ಟಡಗಳಲ್ಲಿ ಬಹುಪಾಲು ಲಿಫ್ಟ್ ಸುತ್ತಲೇ ಕಟ್ಟಿದವು. ಕಾಲ ಕಳೆದಂತೆ ಹಲವು ಕಡೆ ಪ್ರವೇಶದ್ವಾರವೇ ಬದಲಾಯಿತು. ಪ್ರಯಾಣಿಕರು ಕಡಿಮೆ ಇದ್ದ ಸ್ಟೇಷನ್‌ಗಳನ್ನು ಮುಚ್ಚಿಯೇಬಿಟ್ಟರು. ಸೌತ್ ಕೆಂಟಿಷ್ ಟೌನ್ ಸ್ಟೇಷನ್ 1924ರಲ್ಲಿ ವಿದ್ಯುತ್ ಸ್ಥಾವರದ ಮುಷ್ಕರಕ್ಕೆ ಅಂತ ಮುಚ್ಚಿದ್ದು, ಮತ್ತೆ ತೆರೆಯಲೇ ಇಲ್ಲ. ಡೌನ್ ಸ್ಟ್ರೀಟ್ ಇದ್ದದ್ದು ಶ್ರೀಮಂತರ ಬಡಾವಣೆಯಲ್ಲಿ. ಸ್ವಂತ ಗಾಡಿ ಇರೋರಿಗೆ ಟ್ಯೂಬ್ ಯಾಕೆ? 1932ರಲ್ಲಿ ಅದೂ ಬಂದ್. ಆಲ್ಡ್‌ವಿಚ್ 1994ರವರೆಗೆ ಉಸಿರು ಹಿಡಿದುಕೊಂಡಿತ್ತು, ಹಳೇ ಲಿಫ್ಟ್ ಬದಲಿಸುವಷ್ಟು ದುಡ್ಡು ಹಾಕೋದು ಲಾಭವಿಲ್ಲ ಅಂತ ನಿಲ್ಲಿಸಿದರು.

ಮುಚ್ಚಿದ ಮೇಲೂ ಇವು ಸುಮ್ಮನೆ ಕೂತಿಲ್ಲ ಅನ್ನೋದೇ ನಮಗೆ ಇಷ್ಟವಾದ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬೀಳುತ್ತಿದ್ದಾಗ ಇಡೀ ದೇಶದ ರೈಲುಗಳನ್ನು ಡೌನ್ ಸ್ಟ್ರೀಟ್ ಸುರಂಗದಿಂದಲೇ ನಿರ್ವಹಿಸಿದರು. ಪ್ರಧಾನಿ ಚರ್ಚಿಲ್ ಕೂಡ ಅಲ್ಲಿ ಆಶ್ರಯ ಪಡೆದಿದ್ದರು. ಆಲ್ಡ್‌ವಿಚ್ ಸುರಂಗದಲ್ಲಿ ಬ್ರಿಟಿಷ್ ಮ್ಯೂಸಿಯಂನ ಅಮೂಲ್ಯ ವಸ್ತುಗಳನ್ನು ಬಚ್ಚಿಟ್ಟಿದ್ದರು. ಈಗ ಅಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತೆ, ಟಿಕೆಟ್ ಕೊಂಡು ನೋಡಲು ಜನ ಬರುತ್ತಾರೆ.

1911ರ ಎಸ್ಕಲೇಟರ್ ನೋಡೋಕೆ ಗ್ರೀನ್ ಬದುಕಿರಲಿಲ್ಲ. ಮುಂದೆ ಬರೋರಿಗೆ ಏನೋ ಬೇಕಾಗುತ್ತೆ ಅನ್ನೋದು ಮಾತ್ರ ಗೊತ್ತಿತ್ತು, ಅದಕ್ಕೇ ಚಾವಣಿ ಸಪಾಟಾಗಿ ಬಿಟ್ಟರು. ಅವುಗಳಲ್ಲಿ ಎಷ್ಟೋ ಚಾವಣಿಗಳ ಮೇಲೆ ನಂತರದವರು ನಿಜಕ್ಕೂ ಅಂತಸ್ತುಗಳನ್ನು ಕಟ್ಟಿಕೊಂಡಿದ್ದಾರೆ. ಡಿಸೈನ್ ಮಾಡೋದನ್ನು ಕಲಿಯುತ್ತಿರುವ ನಾವು ಗ್ರೀನ್ ಅವರಿಂದ ಇಷ್ಟನ್ನಾದರೂ ತಗೋಬಹುದು: ನಮ್ಮ ಲೆಕ್ಕದಲ್ಲಿ, ನಾವು ನೋಡದೇ ಇರೋರಿಗೂ ಸ್ವಲ್ಪ ಜಾಗ ಇರಲಿ.